ಕಾಸಿಮೇಡು: ಒಂದು ಕಡಲ ಕೇರಿಯ ಬದುಕು, ಕಟ್ಟುಪಾಡು ಮತ್ತು ಸಂಘರ್ಷ

ಹಳಗನ್ನಡದ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳಿಗೆ ಇರುವ ಸ್ಥಾನ ಸುವಿದಿತವಾದುದು. ಸಮುದ್ರ ವರ್ಣನೆ ಅವುಗಳಲ್ಲಿ ಒಂದು. ಅನೇಕ ಕವಿಗಳು ಕಡಲಿನಿಂದಲೇ ಆರಂಭಿಸಿ ದ್ವೀಪಕ್ಕೆ, ದ್ವೀಪದಿಂದ ನಾಡಿಗೆ, ನಾಡಿನಿಂದ ಪೊಳಲಿಗೆ ಇಳಿದು ಬರುತ್ತಾರೆ. ತೆರೆ, ನೊರೆ, ಮುತ್ತು, ಹವಳ, ತಿಮಿ ತಿಮಿಂಗಿಲಗಳು ಅಲ್ಲಿ ಧಾರಾಳವಾಗಿವೆ. ಆದರೆ ಆ ಕಡಲಿಗೆ ಬಲೆ ಬೀಸಿದವನು ಯಾರು, ಅವನ ಗುಡಿಸಲು ದಡದಿಂದ ಎಷ್ಟು ದೂರದಲ್ಲಿತ್ತು, ಆ ಮರಳಿನ ಮೇಲೆ ಅವನಿಗೆ ಯಾವ ಹಕ್ಕಿತ್ತು ಎಂಬ ಪ್ರಶ್ನೆಗಳು ಆ ವರ್ಣನೆಗಳ ಅಳವಿಗೆ ಬಂದಂತಿಲ್ಲ. ತಮಿಳಿನ ಸ್ಥಿತಿ ಸ್ವಲ್ಪ ಬೇರೆ. ಸಂಗಂ ಸಾಹಿತ್ಯದ ಐದು ತಿಣೈಗಳಲ್ಲಿ ಕಡಲ ತಡಿಗೆ ಸಂಬಂಧಿಸಿದುದಕ್ಕೆ ‘ನೆಯ್ದಲ್’ ಎಂದು ಹೆಸರು. ಕನ್ನಡದ ನೆಯ್ದಿಲ್, ನೈದಿಲೆ ಎಂಬ ಹೂವೇ ಅದು. ಕನ್ನಡ ಕವಿಗೆ ಅದು ಕೊಳದಲ್ಲಿ ಚಂದ್ರೋದಯವನ್ನು ಕಾಯುವ ಹೂ. ತಮಿಳು ಕವಿಗೆ ಕಡಲಿಗೆ ಹೋದವನನ್ನು ಕಾಯುವ ಹೆಣ್ಣು ನಿಂತಿರುವ ನೆಲ. ‘ಪಟ್ಟಿನಪ್ಪಾಲೈ’ ಎಂಬ ಸಂಗಂ ಕಾವ್ಯವು ಕಾವೇರಿಪೂಂಪಟ್ಟಿನದ ಪರದವರು ಹುಣ್ಣಿಮೆಯ ದಿನ ಕಡಲಿಗಿಳಿಯದೆ, ‘ಚುರವು’ ಎಂಬ ದೊಡ್ಡ ಮೀನಿನ ಕೊಂಬನ್ನು ನೆಟ್ಟು ಪೂಜಿಸುವುದನ್ನು ಚಿತ್ರಿಸುತ್ತದೆ. ಅಂದರೆ ಮೀನುಗಾರನ ರಜೆಯ ದಿನವೂ ತಮಿಳಿನಲ್ಲಿ ಕಾವ್ಯವಸ್ತುವಾಗಿದೆ.

ಈ ವ್ಯತ್ಯಾಸವನ್ನು ಸಾಹಿತ್ಯಚರಿತ್ರೆಯ ವಿಷಯವೆಂದಷ್ಟೇ ಭಾವಿಸಿ ಬಿಡುವ ಬದಲು, ಇಂದಿನ ಒಂದು ಕಡಲ ಕೇರಿಯನ್ನು ಹತ್ತಿರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಆರಿಸಿಕೊಂಡಿರುವುದು ಚೆನ್ನೈ ನಗರದ ಕಾಸಿಮೇಡು. ಮದರಾಸು ವಿಶ್ವವಿದ್ಯಾನಿಲಯದ ಭಾಷಾ ವಿಭಾಗಗಳಿರುವ ಮರೀನಾ ಆವರಣದಿಂದ ಅದು ಕೆಲವೇ ಕಿಲೋಮೀಟರುಗಳ ದೂರದಲ್ಲಿದೆ. ಆ ನಗರದಲ್ಲಿ ಕುಳಿತು ಕನ್ನಡದ ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದ ವಿದ್ವಾಂಸರ ಪರಂಪರೆ ದೊಡ್ಡದು. ಅವರ ಕಿವಿಗೆ ಕಡಲಿನ ಮೊರೆತ ದಿನವೂ ಬೀಳುತ್ತಿದ್ದಿರಬೇಕು.

ಚೆನ್ನೈ ಬಂದರಿನ ಉತ್ತರಕ್ಕೆ, ಅದರ ಬೆನ್ನಿಗೆ ಅಂಟಿಕೊಂಡಂತೆ, ರಾಯಪುರಂ ಮತ್ತು ತಂಡೈಯಾರ್‌ಪೇಟೆಗಳ ಕಡಲಂಚಿನಲ್ಲಿ ಕಾಸಿಮೇಡು ಇದೆ. ಒಂದು ಕಡೆ ಮೀನುಗಾರಿಕೆ ಬಂದರು, ಅದರ ಕಟ್ಟೆಗೆ ಒಂದರ ಪಕ್ಕ ಒಂದು ಒತ್ತಿ ನಿಂತ ಯಾಂತ್ರಿಕ ದೋಣಿಗಳು, ಐಸ್ ಕಾರ್ಖಾನೆಗಳು, ಡೀಸೆಲ್ ಬಂಕುಗಳು, ಹರಾಜಿನ ಅಂಗಳ. ಇನ್ನೊಂದು ಕಡೆ ರಸ್ತೆಯಾಚೆ ಕಾಶಿಪುರಂ, ಜೀವರತ್ನಂ ನಗರ, ಸಿಂಗಾರವೇಲರ್ ನಗರ, ಪವರ್ ಕುಪ್ಪಂ ಮೊದಲಾದ ಇಕ್ಕಟ್ಟಾದ ವಸತಿಗಳು. ಹೊರಗಿನವರಿಗೆ ಇವೆಲ್ಲ ಸೇರಿ ಒಂದೇ ಕಾಸಿಮೇಡು. ಒಳಗಿನವರಿಗೆ ಒಂದೊಂದೂ ತನ್ನ ಗುಡಿ, ತನ್ನ ಹಿರಿಯರು, ತನ್ನ ಜಗಳಗಳನ್ನು ಹೊಂದಿರುವ ಬೇರೆ ಬೇರೆ ಊರು. ಈ ‘ಊರು’ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ನಗರಪಾಲಿಕೆಯ ಲೆಕ್ಕದಲ್ಲಿ ಅದು ವಾರ್ಡಿನ ಒಂದು ಬೀದಿ, ಕಂದಾಯದ ಕಡತದಲ್ಲಿ ಬಹುಮಟ್ಟಿಗೆ ಪೊರಂಬೋಕು. ಅಲ್ಲಿ ಹುಟ್ಟಿ ಬೆಳೆದವರ ಮಾತಿನಲ್ಲಿ ಮಾತ್ರ ಅದು ಊರು.

ಭಾಷೆಯ ವಿದ್ಯಾರ್ಥಿಗೆ ಈ ಕೇರಿಯಲ್ಲಿ ಪರಕೀಯತೆಗಿಂತ ಪರಿಚಯವೇ ಹೆಚ್ಚು ಕಾಣುತ್ತದೆ. ಮೇಡು ಎಂದರೆ ಎತ್ತರದ ನೆಲ, ದಿಬ್ಬ. ಕಡಲ ತಡಿಯಲ್ಲಿ ನಾಲ್ಕಡಿ ಎತ್ತರವೂ ಪ್ರಾಣರಕ್ಷಕವಾದುದರಿಂದ ಊರಿನ ಹೆಸರಿಗೆ ಅಂಟಿಕೊಂಡ ಈ ಉತ್ತರಪದ ಅರ್ಥಪೂರ್ಣವಾಗಿದೆ. ಬೆಸ್ತರ ಸಣ್ಣ ವಸತಿಗೆ ತಮಿಳಿನಲ್ಲಿ ಕುಪ್ಪಂ ಎನ್ನುತ್ತಾರೆ. ಕನ್ನಡದ ಕೊಪ್ಪ, ಕೊಪ್ಪಲುಗಳು ತಟ್ಟನೆ ನೆನಪಾಗುತ್ತವೆ. ವಲೈ ನಮ್ಮ ಬಲೆ. ವಕಾರ ಬಕಾರಗಳ ವಿನಿಮಯಕ್ಕೆ ತರಗತಿಯಲ್ಲಿ ಕೊಡುವ ಉದಾಹರಣೆಗಳಲ್ಲಿ ಇದನ್ನೂ ಸೇರಿಸಬಹುದು. ತಮಿಳಿನ ಪಡಗು ಕನ್ನಡದಲ್ಲಿ ಪಕಾರವನ್ನು ಕಳೆದುಕೊಂಡು ಹಡಗು ಆಯಿತು. ಕಟ್ಟುಮರವಂತೂ ಅನುವಾದವನ್ನೇ ಬೇಡದ ಪದ: ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ್ದು. ಈ ದಂಡೆಯಿಂದಲೇ ಅದು ಯುರೋಪಿನ ಭಾಷೆಗಳಿಗೆ ಕ್ಯಾಟಮರಾನ್ ಎಂಬ ರೂಪದಲ್ಲಿ ಹೋಗಿ, ಅಲ್ಲಿ ಎರಡು ಒಡಲಿನ ಬೇರೊಂದು ನೌಕೆಗೆ ಹೆಸರಾಯಿತು. ಆಷಾಢದಲ್ಲಿ ಅಮ್ಮನ ಗುಡಿಯ ಮುಂದೆ ಬಡಿಸುವ ಅಂಬಲಿಗೆ ತಮಿಳಿನಲ್ಲಿ ಕೂೞ್ ಎಂದು ಹೆಸರು. ಹಳಗನ್ನಡದ ಕೂೞ್, ಇಂದಿನ ಕೂಳು ಅದೇ. ಕನ್ನಡದಲ್ಲಿ ಕೂಳು ಎಂಬುದಕ್ಕೆ ಈಗ ತಿರಸ್ಕಾರದ ಛಾಯೆ ಬಂದಿದೆ, ಕಾಸಿಮೇಡಿನಲ್ಲಿ ಅದು ಇನ್ನೂ ಪ್ರಸಾದ.

ಇಲ್ಲಿಯ ಮೂಲ ನಿವಾಸಿಗಳಲ್ಲಿ ಹೆಚ್ಚಿನವರು ಪಟ್ಟಿನವರ್ ಸಮುದಾಯಕ್ಕೆ ಸೇರಿದವರು. ಚೆಟ್ಟಿಯಾರ್ ಎಂಬುದು ಅವರ ಬಿರುದು. ಪಟ್ಟಿನಂ ಎಂದರೆ ಕಡಲ ತಡಿಯ ಪಟ್ಟಣ, ಪಟ್ಟಿನವರ್ ಎಂದರೆ ಅಲ್ಲಿಯವರು. ಉಳ್ಳಾಲದ ಮೊಗವೀರಪಟ್ನವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆರಿಯ, ಚಿನ್ನ ಎಂಬ ಎರಡು ಒಳಪಂಗಡಗಳನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೇ ದಾಖಲಿಸಿದ್ದಾನೆ. ಈ ಸಮುದಾಯವು ನಾಡಿಗೆ ಕೊಟ್ಟ ಅತ್ಯಂತ ಪ್ರಸಿದ್ಧ ವ್ಯಕ್ತಿ ಮ. ಸಿಂಗಾರವೇಲು ಚೆಟ್ಟಿಯಾರ್ (1860–1946). ಮದರಾಸಿನ ಅಯೋಧ್ಯಾಕುಪ್ಪಂನಲ್ಲಿ ಹುಟ್ಟಿ, ವಕೀಲರಾಗಿ, 1923ರಲ್ಲಿ ಭಾರತದ ಮೊದಲ ಮೇ ದಿನಾಚರಣೆಯನ್ನು ಮದರಾಸಿನ ಕಡಲ ದಂಡೆಯಲ್ಲಿ ನಡೆಸಿದವರು ಅವರು. 1925ರ ಕಾನ್ಪುರ ಕಮ್ಯುನಿಸ್ಟ್ ಸಮ್ಮೇಳನದ ಅಧ್ಯಕ್ಷರೂ ಅವರೇ. ಬೆಸ್ತರ ಕೇರಿ ಎಂದರೆ ಅಕ್ಷರದಿಂದಲೂ ರಾಜಕಾರಣದಿಂದಲೂ ದೂರ ಉಳಿದ ಮೂಲೆ ಎಂಬ ಭಾವನೆಗೆ ಈ ಒಂದು ಹೆಸರೇ ಸಾಕಷ್ಟು ಉತ್ತರ.

ಪಟ್ಟಿನವರ್ ಕೇರಿಗಳ ಸಾಮಾಜಿಕ ರಚನೆಯಲ್ಲಿ ಕೇಂದ್ರಸ್ಥಾನ ಊರ ಪಂಚಾಯತಿಯದು. ಇದು ಶಾಸನಬದ್ಧವಾದ ಗ್ರಾಮ ಪಂಚಾಯತಿಯಲ್ಲ. ಊರಿನ ಹಿರಿಯರ ಸಭೆ; ನಾಟ್ಟಾರ್, ಪಂಚಾಯತ್ತಾರ್ ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು. ಅದು ವಿಧಿಸುವ ನಿಯಮಗಳಿಗೆ ಅವರು ಹೇಳುವ ಮಾತು ‘ಕಟ್ಟುಪ್ಪಾಡು’. ಕನ್ನಡದ ಕಟ್ಟುಪಾಡು ಇದೇ ಆದರೂ ಅರ್ಥದ ತೂಕದಲ್ಲಿ ವ್ಯತ್ಯಾಸವಿದೆ. ನಮ್ಮಲ್ಲಿ ಈಚಿನ ದಿನಗಳಲ್ಲಿ ಕಟ್ಟುಪಾಡೆಂದರೆ ಮುರಿಯಬೇಕಾದ ಹಳೆಯ ಬಂಧನ. ನವ್ಯ ಸಾಹಿತ್ಯದ ವಿಮರ್ಶೆ ಈ ಅರ್ಥವನ್ನು ಗಟ್ಟಿಗೊಳಿಸಿತು. ಕಡಲ ಕೇರಿಯಲ್ಲಿ ಅದು ಯಾವ ಬಲೆಯನ್ನು ಎಲ್ಲಿ ಬೀಸಬಾರದು, ಇನ್ನೊಬ್ಬನ ಬಲೆ ಹರಿದರೆ ತೆರಬೇಕಾದ ದಂಡವೆಷ್ಟು, ಸಾವಿನ ದಿನ, ಹಬ್ಬದ ದಿನ ಯಾರೂ ಕಡಲಿಗಿಳಿಯಕೂಡದು ಎಂಬ ವ್ಯಾವಹಾರಿಕ ಕಾನೂನು. ಡಚ್ ವಿದ್ವಾಂಸ ಮಾರ್ಟನ್ ಬಾವಿಂಕ್ ಚೋಳಮಂಡಲ ಕರಾವಳಿಯ ಈ ವ್ಯವಸ್ಥೆಯನ್ನು ದೀರ್ಘಕಾಲ ಅಭ್ಯಾಸ ಮಾಡಿ 2001ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. ಒಂದೇ ಕಡಲಿನ ಮೇಲೆ ಸರ್ಕಾರದ ಕಾನೂನು, ಊರ ಪಂಚಾಯತಿಯ ಕಟ್ಟುಪಾಡು, ಯಾಂತ್ರಿಕ ದೋಣಿ ಮಾಲೀಕರ ಸಂಘಗಳ ನಿಯಮ ಎಂಬ ಮೂರು ಕಾನೂನುಗಳು ಏಕಕಾಲಕ್ಕೆ ನಡೆಯುತ್ತವೆ ಎಂಬುದು ಅವರ ಮುಖ್ಯ ಪ್ರತಿಪಾದನೆ. ಕಡಲ ಶಂಬೂಕಗಳಿಗಾಗಿ ತಳದಲ್ಲಿ ಹಾಕುವ ‘ಕಚ್ಚಾವಲೈ’ ಎಂಬ ಬಲೆಯನ್ನು ಅನೇಕ ಊರುಗಳು ತಾವೇ ನಿಷೇಧಿಸಿಕೊಂಡ ಸಂಗತಿಯನ್ನು ಅವರು ವಿವರವಾಗಿ ಚರ್ಚಿಸುತ್ತಾರೆ. ಸರ್ಕಾರ ಹೇಳಿದ್ದಲ್ಲ, ವಿಜ್ಞಾನಿಗಳು ಹೇಳಿದ್ದೂ ಅಲ್ಲ; ಆ ಬಲೆಯಿಂದ ಇತರರ ಮೀನಿಗೆ ಕೇಡು ಎಂದು ಊರಿಗೆ ತೋರಿತು, ಊರು ನಿಲ್ಲಿಸಿತು.

ಈ ವ್ಯವಸ್ಥೆಯನ್ನು ಕೇವಲ ಹೊಗಳುವುದು ಸರಿಯಲ್ಲ. ಊರು ಎಂದರೆ ಯಾರು ಎಂಬ ಪ್ರಶ್ನೆ ಬಂದ ಕೂಡಲೇ ಅದರ ಇನ್ನೊಂದು ಮುಖ ಕಾಣುತ್ತದೆ. ಊರಿಗೆ ವರಿ ಕೊಡುವ ಮದುವೆಯಾದ ಗಂಡಸಿಗೆ ‘ತಲೈಕಟ್ಟು’ ಎನ್ನುತ್ತಾರೆ. ತಲೈಕಟ್ಟು ಇರುವ ಮನೆಗೆ ಪಾಲು, ಹಕ್ಕು, ಸಭೆಯಲ್ಲಿ ಮಾತು. ವಿಧವೆಗೆ, ಗಂಡ ಬಿಟ್ಟವಳಿಗೆ, ಪಕ್ಕದ ದಲಿತ ಕೇರಿಯವನಿಗೆ ಆ ಹಕ್ಕು ಸಹಜವಾಗಿ ಒದಗುವುದಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ಎಷ್ಟೋ ಊರುಗಳಲ್ಲಿ ಪಂಚಾಯತಿಗಳೇ ಪರಿಹಾರದ ಸಾಮಗ್ರಿಯನ್ನು ತಲೈಕಟ್ಟಿನ ಲೆಕ್ಕದಲ್ಲಿ ಸಮನಾಗಿ ಹಂಚಿದವು. ಹಂಚಿಕೆ ಶಿಸ್ತಿನಿಂದ ನಡೆಯಿತೆಂಬ ಮೆಚ್ಚುಗೆಯೂ, ಒಂಟಿ ಹೆಂಗಸರು ಮತ್ತು ದಲಿತರು ಹೊರಗುಳಿದರೆಂಬ ಆಕ್ಷೇಪವೂ ಒಟ್ಟಿಗೇ ಬಂದವು. ಎರಡೂ ನಿಜ. ಸಮಾನತೆಯನ್ನು ಸಾಧಿಸಿದ ನಿಯಮವೇ ಸಮಾನರ ಪಟ್ಟಿಯನ್ನೂ ನಿರ್ಧರಿಸಿತು.

ಸಣ್ಣ ನೆಲೆಗಳ ಈ ಗುಣ ಕಾಸಿಮೇಡಿಗೋ ತಮಿಳುನಾಡಿಗೋ ವಿಶಿಷ್ಟವಾದುದಲ್ಲ. ಇಸ್ರೇಲಿನ ಗಲಿಲೀ ಮತ್ತು ನೆಗೆವ್ ಪ್ರದೇಶಗಳ ಸಣ್ಣ ಸಮುದಾಯ ನೆಲೆಗಳಲ್ಲಿ ಹೊಸದಾಗಿ ಬಂದು ನೆಲಸುವವರನ್ನು ಪರಿಶೀಲಿಸುವ ಪ್ರವೇಶ ಸಮಿತಿಗಳಿವೆ. 2011ರ ಕಾನೂನು 400 ಕುಟುಂಬಗಳವರೆಗಿನ ನೆಲೆಗಳಿಗೆ ಈ ಅಧಿಕಾರವನ್ನು ಕೊಟ್ಟಿತು; 2023ರ ತಿದ್ದುಪಡಿ ಆ ಮಿತಿಯನ್ನು 700ಕ್ಕೆ ಏರಿಸಿತು. ನೆಲೆಯ ಸಾಮಾಜಿಕ ಬದುಕಿಗೆ ಹೊಂದದವರನ್ನು ತಡೆಯುವುದು ಉದ್ದೇಶವೆಂದು ಸಮರ್ಥಕರು ಹೇಳಿದರೆ, ಅರಬ್ ಪ್ರಜೆಗಳನ್ನು ಹೊರಗಿಡುವ ಉಪಾಯವೆಂದು ವಿರೋಧಿಗಳು ಹೇಳುತ್ತಾರೆ. ಒಳಗಿನವರ ಬಾಂಧವ್ಯ ಗಟ್ಟಿಯಾದಷ್ಟೂ ಬಾಗಿಲು ಕಿರಿದಾಗುವುದು ಎರಡೂ ಕಡೆ ಕಾಣುತ್ತದೆ. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವಂತಿಲ್ಲ. ಅಲ್ಲಿ ನೆಲೆಯನ್ನು ಯೋಜಿಸಿದ್ದು, ಭೂಮಿ ಕೊಟ್ಟದ್ದು, ಕಾನೂನಿನಿಂದ ಕಾಪಾಡಿದ್ದು ರಾಜ್ಯ. ಇಲ್ಲಿ ರಾಜ್ಯ ಬರುವ ಮೊದಲೇ ನೆಲೆಯಿತ್ತು. ರಾಜ್ಯವು ಬಂದಾಗಲೆಲ್ಲ ಅದರ ಒಂದು ಅಂಚು ಕುಗ್ಗಿತು.

ಅಂಚು ಕುಗ್ಗಿತು ಎಂಬುದು ಅಲಂಕಾರದ ಮಾತಲ್ಲ. ಮದರಾಸಿಗೆ ಸಹಜ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಅಪ್ಪಳಿಸುವ ಅಲೆಗಳ ನಡುವೆ ಮಸೂಲಾ ದೋಣಿಗಳಲ್ಲಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದವರು ಈ ದಂಡೆಯ ಅಂಬಿಗರು. ರಾಯಪುರಂ ಎಂಬ ಹೆಸರೇ ಅಂಬಿಗರ ಆರಾಧ್ಯನಾದ ಸಂತ ಪೀಟರನ ತಮಿಳು ಹೆಸರಾದ ರಾಯಪ್ಪರ್ ಎಂಬುದರಿಂದ ಬಂದುದು. 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದೂ ರಾಯಪುರದಿಂದಲೇ. 1870ರ ದಶಕದಲ್ಲಿ ಕೃತಕ ಬಂದರಿನ ತಡೆಗೋಡೆಗಳ ಕೆಲಸ ಆರಂಭವಾಯಿತು. 1881ರ ಚಂಡಮಾರುತ ಅದನ್ನು ಕೆಡವಿತು, ಮತ್ತೆ ಕಟ್ಟಿದರು. ಪೂರ್ವ ಕರಾವಳಿಯಲ್ಲಿ ವರ್ಷದ ಬಹುಭಾಗ ಮರಳು ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತದೆ. ತಡೆಗೋಡೆ ಆ ಮರಳನ್ನು ಹಿಡಿದು ನಿಲ್ಲಿಸಿತು. ದಕ್ಷಿಣದಲ್ಲಿ ಮರಳು ಶೇಖರವಾಗಿ ಮರೀನಾ ದಂಡೆ ಅಗಲವಾಯಿತು. ಉತ್ತರದಲ್ಲಿ, ಬರಬೇಕಾದ ಮರಳು ಬಾರದೆ, ರಾಯಪುರದಿಂದ ತಿರುವೊತ್ತಿಯೂರಿನವರೆಗೆ ಕಡಲು ದಂಡೆಯನ್ನು ತಿನ್ನತೊಡಗಿತು. ನಗರದ ನಾಗರಿಕರು ಸಂಜೆ ಗಾಳಿ ಸೇವಿಸುವ ಮರಳು ಉತ್ತರದ ಬೆಸ್ತರ ಅಂಗಳಕ್ಕೆ ಸೇರಬೇಕಾಗಿದ್ದ ಮರಳು ಎಂದರೆ ಅತ್ಯುಕ್ತಿಯಾಗದು. ಕೊಚ್ಚಿಹೋದ ದಂಡೆಗೆ ಬದಲಾಗಿ ಬಂದದ್ದು ಕರಿಯ ಬಂಡೆಗಳ ಸಾಲು. ಕಟ್ಟುಮರವನ್ನು ಎಳೆದಿಡಲು ಮರಳು ಬೇಕು, ಕರವಲೈಯನ್ನು ಎಳೆಯಲು ಮರಳು ಬೇಕು, ಬಲೆ ಒಣಗಿಸಲು, ಮೀನು ಒಣಗಿಸಲು, ಮದುವೆಯ ಪಂಕ್ತಿ ಹಾಕಲು ಮರಳು ಬೇಕು. ಬಂಡೆಯ ಮೇಲೆ ಇವೊಂದೂ ಆಗುವುದಿಲ್ಲ.

ಸ್ವಾತಂತ್ರ್ಯಾನಂತರ ಎರಡನೆಯ ಬದಲಾವಣೆ ಬಂತು. 1950ರ ದಶಕದಿಂದ ಸರ್ಕಾರ ಯಾಂತ್ರಿಕ ದೋಣಿಗಳಿಗೆ ಪ್ರೋತ್ಸಾಹ ಕೊಟ್ಟಿತು. 1960ರ ದಶಕದಲ್ಲಿ ಸಿಗಡಿಗೆ ವಿದೇಶದ ಮಾರುಕಟ್ಟೆ ತೆರೆದುಕೊಂಡಾಗ ತಳವನ್ನು ಗೋರುವ ಟ್ರಾಲ್ ಬಲೆಗಳು ಲಾಭದಾಯಕವಾದವು. ಸಿಗಡಿ ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿರುತ್ತದೆ. ಕಟ್ಟುಮರದವನ ಬಲೆಯೂ ಅಲ್ಲಿಯೇ ಇರುತ್ತದೆ. ರಾತ್ರಿ ಕಟ್ಟಿ ಬಂದ ಬಲೆ ಬೆಳಗ್ಗೆ ಚೂರಾಗಿರುತ್ತಿತ್ತು. ಬಡ ಬೆಸ್ತನಿಗೆ ಬಲೆ ಎಂದರೆ ಒಕ್ಕಲಿಗನಿಗೆ ಎತ್ತಿನ ಜೋಡಿ ಇದ್ದಂತೆ, ಸಾಲ ತೀರುವ ಮೊದಲೇ ಅದು ಹೋದರೆ ಎರಡು ಸಾಲ. 1970ರ ದಶಕದ ಉತ್ತರಾರ್ಧದಲ್ಲಿ ಮದರಾಸು ಕರಾವಳಿಯಲ್ಲಿ ಈ ಎರಡು ಗುಂಪುಗಳ ನಡುವೆ ಘರ್ಷಣೆಗಳು ನಡೆದವು. ದೋಣಿಗಳು ಸುಟ್ಟವು, ಜೀವಗಳು ಹೋದವು. 1983ರ ತಮಿಳುನಾಡು ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಈ ಕಲಹದ ಕೂಸು. ಅದರಂತೆ ದಡದಿಂದ ಮೂರು ನಾಟಿಕಲ್ ಮೈಲುಗಳವರೆಗಿನ ಕಡಲು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲು. ಯಾಂತ್ರಿಕ ದೋಣಿಗಳು ಬೆಳಗಿನ ಐದರ ನಂತರ ಹೊರಟು ರಾತ್ರಿ ಒಂಬತ್ತರೊಳಗೆ ಮರಳಬೇಕೆಂಬ ನಿಯಮವೂ ಇದೆ. ಹಲವು ದಿನಗಳ ಐಸು, ಅಕ್ಕಿ, ಡೀಸೆಲ್ಲುಗಳನ್ನು ತುಂಬಿಕೊಂಡು ಆಂಧ್ರದ ನೀರಿನವರೆಗೆ ಹೋಗಿಬರುವ ಕಾಸಿಮೇಡಿನ ದೋಣಿಗಳ ಮಟ್ಟಿಗೆ ಈ ನಿಯಮ ಕಾಗದದ ಮೇಲಿನದು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಯಾಂತ್ರಿಕ ದೋಣಿಯ ಮಾಲೀಕರು ಹೊರಗಿನಿಂದ ಬಂದ ಸಾಹುಕಾರರು, ಕಟ್ಟುಮರದವರು ಮೂಲನಿವಾಸಿಗಳು ಎಂಬ ಸರಳ ಚಿತ್ರ ಕಾಸಿಮೇಡಿಗೆ ಹೊಂದುವುದಿಲ್ಲ. ಮಾಲೀಕರಲ್ಲಿಯೂ ಬಹುಸಂಖ್ಯಾತರು ಅದೇ ಪಟ್ಟಿನವರ್ ಸಮುದಾಯದವರು. ಹಳ್ಳಿಗಳಿಂದ ಬಂದು ಬಂದರಿನ ಸುತ್ತ ನೆಲಸಿ, ಕಟ್ಟುಮರದಿಂದ ಯಂತ್ರಕ್ಕೆ ಏರಿದವರು. ಆದ್ದರಿಂದ ಬಲೆ ಹರಿದವನಿಗೂ ಹರಿಸಿದವನಿಗೂ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧ ಇರಬಹುದು. ಊರ ಹತ್ತಿರ ಬಂದು ಬಲೆ ಹರಿದ ದೋಣಿಯನ್ನು ಕಟ್ಟುಮರದವರು ಸುತ್ತುವರಿದು ಹಿಡಿದು ದಡಕ್ಕೆ ತರುವುದು, ಪಂಚಾಯತಿಯವರು ಬಂದರಿನ ಮಾಲೀಕರ ಸಂಘಕ್ಕೆ ಸುದ್ದಿ ಕಳಿಸುವುದು, ಎರಡೂ ಕಡೆಯ ಹಿರಿಯರು ಕುಳಿತು ನಷ್ಟವನ್ನು ಎಣಿಸಿ ಹಣ ಕೊಟ್ಟು ದೋಣಿ ಬಿಡಿಸಿಕೊಳ್ಳುವುದು, ಈ ಇಡೀ ಕ್ರಮವನ್ನು ಬಾವಿಂಕ್ ದಾಖಲಿಸಿದ್ದಾರೆ. ಕಾಯಿದೆಯ ಪ್ರಕಾರ ದೂರು ಹೋಗಬೇಕಾದದ್ದು ಮೀನುಗಾರಿಕೆ ಇಲಾಖೆಗೆ. ಅಲ್ಲಿ ದಂಡ ವಿಧಿಸಿದರೆ ಹಣ ಸರ್ಕಾರದ ಬೊಕ್ಕಸಕ್ಕೆ. ಹರಿದ ಬಲೆ ಹರಿದೇ ಇರುತ್ತದೆ. ಊರಿನ ನ್ಯಾಯದಲ್ಲಿ ಹಣ ಬಲೆ ಕಳೆದುಕೊಂಡವನ ಕೈಗೆ. ಜನ ಯಾವ ನ್ಯಾಯವನ್ನು ಆರಿಸುತ್ತಾರೆ ಎಂಬುದು ಊಹಿಸಲು ಕಷ್ಟವಲ್ಲ. ಇದೇ ಕ್ರಮ ಕಾಸಿಮೇಡಿನವರ ಮೇಲೂ ತಿರುಗುತ್ತದೆ. ಆಂಧ್ರದ ನೆಲ್ಲೂರು ಕರಾವಳಿಯವರು ತಮ್ಮ ನೀರಿಗೆ ಬಂದ ತಮಿಳುನಾಡಿನ ದೋಣಿಗಳನ್ನು ಹಿಡಿದಿಟ್ಟ ಪ್ರಸಂಗಗಳು ಹಲವು. ಆಗ ಭಾಷೆ ಬೇರೆ, ರಾಜ್ಯ ಬೇರೆ ಆದುದರಿಂದ ಹಿರಿಯರ ಮಾತುಕತೆಗೆ ಅಧಿಕಾರಿಗಳೂ ಸೇರಿಕೊಳ್ಳುತ್ತಾರೆ.

ಕನ್ನಡ ಕರಾವಳಿಯಲ್ಲಿ ಇದಕ್ಕೆ ಸಮಾನಾಂತರವಾದ ಅಧ್ಯಾಯ ರಂಪಣಿಯದು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ದಂಡೆಯಲ್ಲಿ ಹತ್ತಾರು ಜನ ಕೂಡಿ ಎಳೆಯುತ್ತಿದ್ದ ಈ ಬೃಹತ್ ಬಲೆಯ ಗುಂಪುಗಳಿಗೆ ‘ಕಂಪೆನಿ’ ಎಂದೇ ಹೆಸರಿತ್ತು. ಹಿಡಿದ ಬೈಗೆ, ಬಂಗುಡೆಗಳಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿ ಹಿಡಿಯತೊಡಗಿದವು. ಪ್ರತಿಭಟನೆಗಳಾದವು, ಆದರೆ ಕೆಲವೇ ವರ್ಷಗಳಲ್ಲಿ ರಂಪಣಿ ಕಂಪೆನಿಗಳು ಹೆಚ್ಚುಕಡಿಮೆ ಕಣ್ಮರೆಯಾದವು. ಕರ್ನಾಟಕದ ಕಾಯಿದೆ ಬಂದದ್ದು 1986ರಲ್ಲಿ, ರಂಪಣಿ ಹೋದ ಮೇಲೆ. ತಮಿಳುನಾಡು ಪರ್ಸೀನ್ ಬಲೆಯನ್ನು 2000ದಲ್ಲಿ ನಿಷೇಧಿಸಿತು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹನ್ನೆರಡು ನಾಟಿಕಲ್ ಮೈಲುಗಳಾಚೆ, ವಾರಕ್ಕೆ ಎರಡು ದಿನ, ಷರತ್ತುಗಳೊಡನೆ ಮಧ್ಯಂತರ ಅನುಮತಿ ಕೊಟ್ಟಿತು. ಎರಡು ಕರಾವಳಿಗಳ ವ್ಯತ್ಯಾಸಕ್ಕೆ ಮೀನಿನ ಜಾತಿ, ಕಡಲಿನ ಆಳಗಳಂಥ ಕಾರಣಗಳಿವೆ. ಜೊತೆಗೆ, ಕಟ್ಟುಮರದಂಥ ಸಣ್ಣ ಸಾಧನಕ್ಕೆ ಇರುವ ಬಾಳಿಕೆ ರಂಪಣಿಯಂಥ ದೊಡ್ಡ ಸಾಮೂಹಿಕ ಸಾಧನಕ್ಕೆ ಇರಲಿಲ್ಲವೆಂದು ತೋರುತ್ತದೆ. ಹತ್ತು ಜನ ಗಲ್ಫಿಗೋ ಮುಂಬಯಿಗೋ ಹೊರಟರೆ ರಂಪಣಿಯನ್ನು ಎಳೆಯುವವರಿಲ್ಲ. ಕಟ್ಟುಮರಕ್ಕೆ ಇಬ್ಬರು ಸಾಕು. ಕಾಸಿಮೇಡಿನ ಸುತ್ತ ಮರದ ದಿಮ್ಮಿಗಳ ಜಾಗಕ್ಕೆ ಇಂದು ಹೆಚ್ಚಾಗಿ ಹೊರಯಂತ್ರ ಕಟ್ಟಿದ ಫೈಬರ್ ದೋಣಿಗಳು ಬಂದಿವೆ, ಆದರೂ ಅಳತೆ ಸಣ್ಣದೇ.

ಬಂದರಿನೊಳಗಿನ ಬದುಕಿನಲ್ಲಿ ಹೆಂಗಸರ ಪಾತ್ರವನ್ನು ಬಿಟ್ಟರೆ ಚಿತ್ರ ಅಪೂರ್ಣ. ಗಂಡಸು ಕಡಲಿನವನು, ದಡಕ್ಕೆ ಬಂದ ಮೀನು ಹೆಂಗಸಿನದು. ನಸುಕಿಗೆ ಮೊದಲೇ ಆರಂಭವಾಗುವ ಏಲದಲ್ಲಿ ಕೂಗುವವರಲ್ಲಿ, ಕೊಳ್ಳುವವರಲ್ಲಿ, ಬುಟ್ಟಿ ಹೊತ್ತು ನಗರದ ಬೀದಿಗಳಿಗೆ ಹೋಗುವವರಲ್ಲಿ, ಮೀನು ಕೊಯ್ದು ಕೊಡುವವರಲ್ಲಿ, ಒಣಮೀನಿನ ವ್ಯಾಪಾರದಲ್ಲಿ ಅವರೇ ಮುಂದು. ಮನೆಯ ಸಾಲದ ಲೆಕ್ಕವೂ ಅವರ ಕೈಯಲ್ಲಿ. ಇಷ್ಟಾದರೂ ಊರ ಪಂಚಾಯತಿಯಲ್ಲಿ ಅವರು ಕೂರುವುದಿಲ್ಲ. ದೋಣಿಯ ಕೆಲಸಗಾರರಿಗೆ ಸಂಬಳಕ್ಕಿಂತ ಪಾಲಿನ ಪದ್ಧತಿ: ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕನಿಗೆ ದೊಡ್ಡ ಭಾಗ, ಚಾಲಕನಿಗೆ ಒಂದು, ಉಳಿದವರಿಗೆ ಇಷ್ಟಿಷ್ಟು. ಡೀಸೆಲ್ ಬೆಲೆ ಏರಿದಾಗ ಅದರ ಹೊರೆಯನ್ನು ಪಾಲಿನವರೂ ಹೊರುತ್ತಾರೆ ಎಂಬುದು ಈ ಪದ್ಧತಿಯ ಕಾಣದ ಮಗ್ಗುಲು. ಪೂರ್ವ ಕರಾವಳಿಯಲ್ಲಿ ಮೀನು ಮರಿಮಾಡುವ ಕಾಲಕ್ಕೆ ಯಾಂತ್ರಿಕ ದೋಣಿಗಳಿಗೆ ವಿಧಿಸುವ ನಿಷೇಧದ ಅವಧಿ ಮೊದಲು 45 ದಿನಗಳಿತ್ತು. 2017ರಿಂದ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನಗಳಾಗಿದೆ. ಆ ಎರಡು ತಿಂಗಳು ಮಾಲೀಕ ದೋಣಿ ರಿಪೇರಿ ಮಾಡಿಸುತ್ತಾನೆ, ಪಾಲಿನವನು ಸಾಲ ಮಾಡುತ್ತಾನೆ.

2004ರ ಡಿಸೆಂಬರ್ 26ರ ಭಾನುವಾರ ಬೆಳಗ್ಗೆ ಸುನಾಮಿ ಬಂದಿತು. ಕಾಸಿಮೇಡಿನ ಬಂದರಿನಲ್ಲಿ ದೋಣಿಗಳು ಒಂದರ ಮೇಲೊಂದು ಏರಿದವು, ಮುರಿದವು, ಕಟ್ಟೆಯ ಮೇಲೆ ಬಂದು ಬಿದ್ದವು. ದಂಡೆಯ ಗುಡಿಸಲುಗಳು ಹೋದವು. ದೋಣಿಯ ನಷ್ಟಕ್ಕೆ ಪರಿಹಾರವೂ ಸಾಲವೂ ಬಂದು ಆ ಗಾಯ ಕ್ರಮೇಣ ಮಾಯಿತು. ವಸತಿಯ ಗಾಯ ಮಾಯಲಿಲ್ಲ. 2005ರ ಮಾರ್ಚ್ 30ರ ಸರ್ಕಾರಿ ಆದೇಶದಲ್ಲಿ, ಭರತರೇಖೆಯಿಂದ 200 ಮೀಟರುಗಳೊಳಗೆ ಇರುವವರು ಬೇರೆಡೆ ಹೋದರೆ ಹೊಸ ಮನೆ ಸಿಗುತ್ತದೆ. ಹೋಗಲೊಲ್ಲದವರನ್ನು ಒತ್ತಾಯಿಸುವುದಿಲ್ಲ, ಆದರೆ ಅವರಿಗೆ ಸರ್ಕಾರದ ನೆರವೂ ಇಲ್ಲ ಎಂದಿತ್ತು. ಒತ್ತಾಯವೆಂಬ ಮಾತನ್ನು ಬಳಸದೆ ಒತ್ತಾಯಿಸುವ ಕಲೆ ಆಡಳಿತ ಭಾಷೆಗೆ ಚೆನ್ನಾಗಿ ಗೊತ್ತು. ಉತ್ತರ ಚೆನ್ನೈಯ ಅನೇಕ ಕುಟುಂಬಗಳನ್ನು ಮೊದಲು ತಿರುವೊತ್ತಿಯೂರಿನ ಕಾರ್ಗಿಲ್ ನಗರದ ತಾತ್ಕಾಲಿಕ ಶೆಡ್ಡುಗಳಲ್ಲಿ ಇರಿಸಲಾಯಿತು. 2005ರಲ್ಲಿಯೇ ಆ ಶೆಡ್ಡುಗಳಿಗೆ ಬೆಂಕಿ ಬಿತ್ತು, ಬಳಿಕ ಮಳೆನೀರು ನುಗ್ಗಿತು. ಅಲ್ಲಿಂದ ಹಲವರು ನಗರದ ದಕ್ಷಿಣದ ತುದಿಯ ಸೆಮ್ಮಂಜೇರಿಯ ಬಹುಮಹಡಿ ಕಟ್ಟಡಗಳಿಗೆ ಹೋದರು. ಕಾಸಿಮೇಡಿನಿಂದ ಅದು ಸುಮಾರು 30 ಕಿಲೋಮೀಟರ್.

ಈ 30 ಕಿಲೋಮೀಟರ್ ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ಗುಮಾಸ್ತನೊಬ್ಬನಿಗೆ ಅದು ಒಂದೂವರೆ ಗಂಟೆಯ ಬಸ್ ಪ್ರಯಾಣ. ರಾತ್ರಿ ಎರಡು ಗಂಟೆಗೆ ಗಾಳಿಯ ದಿಕ್ಕು ನೋಡಿ ಕಡಲಿಗಿಳಿಯಬೇಕೋ ಬೇಡವೋ ಎಂದು ನಿರ್ಧರಿಸುವವನಿಗೆ ಅದು ಉದ್ಯೋಗದ ಅಂತ್ಯ. ನಸುಕಿನ ಏಲಕ್ಕೆ ಬರಬೇಕಾದ ಹೆಂಗಸಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲು ಎಲ್ಲ ನಿರ್ವಾಹಕರೂ ಒಪ್ಪುವುದಿಲ್ಲ. ಹೊಸ ಮನೆಗಳನ್ನು ಮುಚ್ಚಿಟ್ಟು ಅಥವಾ ಬಾಡಿಗೆಗೆ ಕೊಟ್ಟು ಹಳೆಯ ಕೇರಿಯಲ್ಲಿಯೇ ಬಾಡಿಗೆಗೆ ನಿಂತವರನ್ನು ‘ಫಲಾನುಭವಿಗಳ ದುರ್ಬಳಕೆ’ ಎಂದು ಕರೆಯುವುದು ಸುಲಭ. ಶರಾವತಿ ಕಣಿವೆಯ ಮುಳುಗಡೆಯನ್ನು ಕುರಿತ ನಾ. ಡಿಸೋಜರ ಕಾದಂಬರಿಗಳನ್ನು ಓದಿದ ಕನ್ನಡದ ವಿದ್ಯಾರ್ಥಿಗೆ ಈ ಸ್ಥಿತಿ ಅಪರಿಚಿತವಲ್ಲ. ಒಂದು ವ್ಯತ್ಯಾಸವಿದೆ. ಶರಾವತಿಯಲ್ಲಿ ನೆಲ ನೀರಿನಡಿಗೆ ಹೋಯಿತು, ಮರಳುವ ದಾರಿಯೇ ಇರಲಿಲ್ಲ. ಇಲ್ಲಿ ಕಡಲು ಮತ್ತೆ ಹಿಂದೆ ಸರಿದು ತನ್ನ ಜಾಗದಲ್ಲಿಯೇ ಇದೆ, ಹೋದವರು ದಿನವೂ ಅದನ್ನು ನೋಡಬಹುದು.

1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ ಅದರ ನಂತರದ 2011, 2019ರ ಆವೃತ್ತಿಗಳೂ ಕಡಲ ತಡಿಯಲ್ಲಿ ಯಾರು ಏನು ಕಟ್ಟಬಹುದು ಎಂಬುದನ್ನು ಹೇಳುತ್ತವೆ. ಮೀನುಗಾರರ ವಸತಿಗೆ ವಿನಾಯಿತಿಗಳಿವೆ, ಬಂದರುಗಳಿಗೂ ವಿನಾಯಿತಿಗಳಿವೆ. ವಿನಾಯಿತಿಯನ್ನು ಪಡೆದುಕೊಳ್ಳುವ ಶಕ್ತಿ ಮಾತ್ರ ಇಬ್ಬರಿಗೂ ಒಂದೇ ಅಲ್ಲ. 2017ರ ಜನವರಿಯಲ್ಲಿ ಎಣ್ಣೂರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ಸೋರಿದಾಗ ಕಾಸಿಮೇಡಿನಲ್ಲಿ ಮೀನು ಕೊಳ್ಳುವವರಿಲ್ಲದಂತಾಯಿತು. ಎಣ್ಣೆ ಬಿದ್ದ ನೀರಿನಿಂದ ದೂರದಲ್ಲಿ ಹಿಡಿದ ಮೀನಿಗೂ ಅದೇ ಗತಿ. ಅದೇ ವರ್ಷ ಹೆಚ್ಚು ಅಶ್ವಶಕ್ತಿಯ ಚೀನೀ ಯಂತ್ರಗಳನ್ನು ಕೂಡಿಸಿಕೊಂಡ ದೋಣಿಗಳ ವಿರುದ್ಧ ಬಂದರಿನಲ್ಲಿ ಪ್ರತಿಭಟನೆ ನಡೆಯಿತು. 1970ರ ದಶಕದಲ್ಲಿ ಯಂತ್ರದ ವಿರುದ್ಧ ಕಟ್ಟುಮರ ನಿಂತಿತ್ತು. 2017ರಲ್ಲಿ ದೊಡ್ಡ ಯಂತ್ರದ ವಿರುದ್ಧ ಸಣ್ಣ ಯಂತ್ರ. 2023ರ ಡಿಸೆಂಬರಿನಲ್ಲಿ ಚಂಡಮಾರುತದ ಪ್ರವಾಹದೊಡನೆ ಎಣ್ಣೂರು ಅಳಿವೆಗೆ ಮತ್ತೆ ಎಣ್ಣೆ ಹರಿಯಿತು.

ಇಷ್ಟು ಸಂಕೀರ್ಣವಾದ ಬದುಕನ್ನು ನಗರವು ಹೇಗೆ ಕಾಣುತ್ತದೆ? ಉತ್ತರ ಚೆನ್ನೈ ಎಂದರೆ ರೌಡಿಗಳ ತಾಣವೆಂಬ ಚಿತ್ರವನ್ನು ತಮಿಳು ಸಿನಿಮಾ ಬಹುಕಾಲ ಪೋಷಿಸಿತು. ವೆಟ್ರಿಮಾರನ್ ನಿರ್ದೇಶನದ ‘ವಡ ಚೆನ್ನೈ’ (2018) ಕಡಲ ಕೇರಿಯ ನೆಲವನ್ನು ರಸ್ತೆಗಾಗಿ ತೆರವುಗೊಳಿಸುವ ಪ್ರಯತ್ನವನ್ನು ಕಥೆಯ ನಡುವೆ ತಂದು, ಹಿಂಸೆಗೆ ಒಂದು ಕಾರಣವಿರಬಹುದೆಂದು ತೋರಿಸಿತು. ಹಿಂಸೆಯ ಆಕರ್ಷಣೆಯಿಂದ ಅದೂ ಪೂರ್ತಿ ಪಾರಾಗಲಿಲ್ಲ. ಈ ಕೇರಿಗಳದೇ ಆದ ಗಾನಾ ಹಾಡುಗಳು, ವಿಶೇಷವಾಗಿ ಸಾವಿನ ಮನೆಯಲ್ಲಿ ರಾತ್ರಿಯಿಡೀ ಹಾಡುವ ಗಾನಾ, ಹೊರಗಿನ ಕ್ಯಾಮೆರಾ ಹೇಳದ ಸಂಗತಿಗಳನ್ನು ಹೇಳುತ್ತವೆ. ಕಾದಂಬರಿಯಲ್ಲಿ ಮಲಯಾಳಕ್ಕೆ ತಕಳಿಯವರ ‘ಚೆಮ್ಮೀನ್’ (1956), ತಮಿಳಿಗೆ ವಣ್ಣನಿಲವನ್ ಅವರ ‘ಕಡಲ್‌ಪುರತ್ತಿಲ್’, ಜೋ ಡಿಕ್ರೂಜ್ ಅವರ ‘ಆಳಿ ಸೂಳ್ ಉಲಗು’ (2004) ಮತ್ತು ‘ಕೊರ್ಕೈ’ ಇವೆ. ಇವು ಹೆಚ್ಚಾಗಿ ದಕ್ಷಿಣದ ಕರಾವಳಿಯವು. ಕಾಸಿಮೇಡಿನ ಪಟ್ಟಿನವರ್ ಬದುಕು ಅವುಗಳಲ್ಲಿಯೂ ಬಂದಿಲ್ಲ. ಕನ್ನಡದಲ್ಲಿ ಕಾರಂತರ ‘ಮರಳಿ ಮಣ್ಣಿಗೆ’ (1941) ಕಡಲ ತಡಿಯ ಶ್ರೇಷ್ಠ ಕಾದಂಬರಿ. ಅದರ ಶೀರ್ಷಿಕೆಯೇ ಸೂಚಿಸುವಂತೆ ಅಲ್ಲಿಯ ಜೀವನದ ಆಧಾರ ಮಣ್ಣು. ಕಡಲನ್ನೇ ಗದ್ದೆಯಾಗಿ ಉಳ್ಳವರ ಬದುಕು ಕನ್ನಡದ ಪ್ರಮುಖ ಕಾದಂಬರಿಗಳಲ್ಲಿ ಬಹುಮಟ್ಟಿಗೆ ಅಂಚಿನಲ್ಲಿಯೇ ಉಳಿದಿದೆ. ಪಾಡ್ದನಗಳಲ್ಲಿ ಬೊಬ್ಬರ್ಯ ಬಂದಷ್ಟು ದೂರ ನಮ್ಮ ಕಾದಂಬರಿ ಬಂದಿಲ್ಲ.

ಕನ್ನಡ ವಿಭಾಗಗಳ ಕ್ಷೇತ್ರಕಾರ್ಯಕ್ಕೆ ಇಲ್ಲಿ ತುರ್ತಾಗಿ ಆಗಬೇಕಾದ ಒಂದು ಕೆಲಸವಿದೆ. ಕಟ್ಟುಮರದ ಕಾಲದ ಬೆಸ್ತರು ಕಡಲ ತಳದ ಬಂಡೆಗಳನ್ನು ‘ಪಾರ್’ ಎಂದು ಕರೆದು ಒಂದೊಂದಕ್ಕೂ ಹೆಸರಿಟ್ಟಿದ್ದರು. ದಡದ ಮೇಲಿನ ಎರಡು ಗುರುತುಗಳನ್ನು, ಒಂದು ಗೋಪುರ ಮತ್ತು ಒಂದು ತಾಳೆಮರವೆನ್ನಿ, ಒಂದೇ ಗೆರೆಗೆ ತಂದು ಇನ್ನೊಂದು ದಿಕ್ಕಿನಲ್ಲಿ ಮತ್ತೆ ಎರಡನ್ನು ಕೂಡಿಸಿ, ಆ ಗೆರೆಗಳು ಸೇರುವಲ್ಲಿ ಬಲೆ ಹಾಕುತ್ತಿದ್ದರು. ಗಾಳಿಗೂ ಹೆಸರುಗಳಿದ್ದವು: ಬಡಗಣಿಂದ ಬೀಸುವುದು ವಾಡೈ, ಮೂಡಣದ್ದು ಕೊಂಡಲ್, ಪಡುವಣ ದಿಕ್ಕಿನದು ಕಚ್ಚಾನ್. ವಾಡೈಗೂ ಬಡಗಿಗೂ ಇರುವ ನಂಟು ಕನ್ನಡ ಕಿವಿಗೆ ಕೂಡಲೇ ಕೇಳಿಸುತ್ತದೆ. ಈಗ ದಡದ ಗುರುತುಗಳು ಬಹುಮಹಡಿ ಕಟ್ಟಡಗಳ ಹಿಂದೆ ಮರೆಯಾಗಿವೆ. ಉಪಗ್ರಹದಿಂದ ಸ್ಥಾನ ತಿಳಿಸುವ ಸಣ್ಣ ಯಂತ್ರ ಪ್ರತಿ ದೋಣಿಯಲ್ಲಿದೆ, ಅದರಲ್ಲಿ ಪಾರ್‌ಗಳು ಬರೀ ಅಂಕಿಗಳು. ಮಲ್ಪೆ, ಗಂಗೊಳ್ಳಿ, ತದಡಿಗಳಲ್ಲಿಯೂ ಸ್ಥಿತಿ ಇದೇ. ಹೆಸರುಗಳನ್ನು ಬಲ್ಲ ತಲೆಮಾರಿನವರು ಎರಡೂ ಕರಾವಳಿಗಳಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ಕಾಸಿಮೇಡಿನಲ್ಲಿ ಅವರು ಸಂಜೆಯ ಹೊತ್ತು ಬಂಡೆಗಳ ಸಾಲಿನ ಈಚೆ, ಬಲೆ ಹೆಣೆಯುವ ನೆರಳಿನಲ್ಲಿ ಸಿಗುತ್ತಾರೆ.